ಕುಡುಗೋಲು ಹೆರುವ ಜೀವಿ

ಪಿಎಚ್.ಡಿ.ಯ ಮೊದಲ ವರ್ಷ ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಸ್ಲೈಡ್ ನೋಡಿದಾಗ ಹೆಸರಿನ ಅರ್ಥ ಹೊಳೆದೇಬಿಟ್ಟಿತು ಅಂದುಕೊಂಡೆ. ಲ್ಯಾಟಿನ್ನಿನಲ್ಲಿ ‘ಫಾಲ್ಕ್ಸ್’ ಎಂದರೆ ಕುಡುಗೋಲು. ಸೂಕ್ಷ್ಮದರ್ಶಕದ ಕೆಳಗೆ ಬಾಗಿ ಮಲಗಿದ್ದದ್ದೂ ಥೇಟ್ ಕುಡುಗೋಲೇ. ಮಲೇರಿಯಾ ತರುವ ಪರಾವಲಂಬಿಗಳಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವುದು ಇದು. ನೋಟ್‌ಬುಕ್ಕಿನಲ್ಲಿ ‘ಕುಡುಗೋಲು ಹಿಡಿದದ್ದು’ ಎಂದು ಬರೆದುಕೊಂಡೆ.

ಆ ರಜೆಯಲ್ಲಿ ಮಲೆನಾಡಿನ ನಮ್ಮ ಮನೆಗೆ ಹೋಗಿದ್ದೆ. ಅಜ್ಜಿಯ ಮೊದಲ ಮಗಳು ನಾಲ್ಕನೇ ವರ್ಷಕ್ಕೆ ಚಳಿಜ್ವರದಲ್ಲಿ ಹೋದವಳು. ಅದು ಇದೇ ಜಾತಿಯದೋ ಬೇರೆಯದೋ, ಆಗ ರಕ್ತ ನೋಡಿದವರು ಯಾರೂ ಇಲ್ಲ. “ಆ ಹುಳ ನೋಡಕ್ಕೆ ಹೆಂಗಿರುತ್ತೆ ಮಗಾ?” ಎಂದು ಅಜ್ಜಿ ಕೇಳಿದಳು. ಕುಡುಗೋಲಿನ ಹಾಗೆ ಅಂದೆ. ಅವಳು ಮತ್ತೇನೂ ಕೇಳಲಿಲ್ಲ. ಮಗುವಿನ ಉಸಿರು ನಿಂತಾಗ ಅಜ್ಜಿ ಗದ್ದೆಯಲ್ಲಿ ಕೊಯ್ಲಿಗೆ ಬಗ್ಗಿದ್ದಳಂತೆ. ರಾತ್ರಿ ಅಮ್ಮ ಹೇಳಿದಳು.

ನಾನು ಓದಿಕೊಂಡ ಅರ್ಥವೂ ತಪ್ಪಾಗಿತ್ತು. ಹೆಸರಿನ ಕೊನೆಯ ತುಂಡು ಬಂದಿರುವುದು ‘ಪರೆರೆ’ ಎಂಬ ಕ್ರಿಯಾಪದದಿಂದ, ಅಂದರೆ ಹೆರುವುದು. (ಸ್ವರಗಳನ್ನು ಎಳೆದು ‘ಪಾರೇರೆ’ ಅಂದರೆ ವಿಧೇಯವಾಗಿರುವುದು ಎಂದಾಗುತ್ತದೆ. ಹ್ರಸ್ವ ದೀರ್ಘಗಳ ಈ ಕಷ್ಟ ಕನ್ನಡಿಗರಿಗೆ ಹೊಸದಲ್ಲ.) ಫ್ರೆಂಚ್ ಸೇನಾವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದ ರೋಗಿಗಳ ರಕ್ತದಲ್ಲಿ ಈ ಬಾಗಿದ ಆಕೃತಿಗಳನ್ನು ಕಂಡಿದ್ದ. ‘ಫಾಲ್ಸಿಪಾರಂ’ ಎಂಬ ಹೆಸರನ್ನು 1897ರಲ್ಲಿ ಕೊಟ್ಟವನು ಅಮೆರಿಕದ ವಿಲಿಯಂ ವೆಲ್ಚ್.

ಕುಡುಗೋಲಿನಂತಿರುವುದು ಈ ಜೀವಿಯ ಲೈಂಗಿಕ ಹಂತ. ಅದು ಜ್ವರ ತರುವುದಿಲ್ಲ. ಜ್ವರ ಬರುವುದು ಕೆಂಪು ರಕ್ತಕಣದೊಳಗೆ ಉಂಗುರದ ಹಾಗೆ ಶುರುವಾಗಿ, ಬೆಳೆದು, ಕಣವನ್ನೇ ಒಡೆದು ಹೊರಬರುವ ಹಂತಗಳಿಂದ. ಕುಡುಗೋಲುಗಳು ಬಲಿಯುವುದಕ್ಕೆ ಹತ್ತು ದಿನಕ್ಕೂ ಹೆಚ್ಚು ಬೇಕು. ಆಮೇಲೆ ಅವು ಸೊಳ್ಳೆಗಾಗಿ ಕಾಯುತ್ತಾ ರಕ್ತದಲ್ಲಿ ಸುತ್ತುತ್ತಿರುತ್ತವೆ, ಅಷ್ಟೆ. ರೋಗಿ ಗುಣವಾಗಿ ಎದ್ದು ಓಡಾಡುತ್ತಿದ್ದರೂ ಅವು ಉಳಿದಿರಬಹುದು. ಅದಕ್ಕೇ ಪ್ರೈಮಾಕ್ವಿನ್ ಮಾತ್ರೆಯನ್ನು ಬೇರೆಯಾಗಿ ಕೊಡುವುದು.

ಮುಂದಿನ ಸಲ ಊರಿಗೆ ಹೋದಾಗ ಮೊದಲು ಅಜ್ಜಿಯ ಹತ್ತಿರ ಹೋಗಿ ಕೂತೆ. “ಅಜ್ಜಿ, ಆವತ್ತು ತಪ್ಪು ಹೇಳಿದ್ದೆ. ಕುಡುಗೋಲಿನ ಹಾಗಿರೋದು ಯಾರನ್ನೂ ಕೊಲ್ಲಲ್ಲ.”

ಅಡಿಕೆ ಹೋಳು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. “ಮತ್ತೆ ಕೊಲ್ಲೋದು ಹೆಂಗಿರುತ್ತೆ?”

ಉಂಗುರದ ಹಾಗೆ ಅನ್ನಲು ಹೊರಟವನು ಅವಳ ಬೆರಳು ನೋಡಿ ತಡೆದೆ.

“ತುಂಬಾ ಸಣ್ಣದು ಅಜ್ಜಿ. ಕಣ್ಣಿಗೆ ಕಾಣಲ್ಲ.”