ಅರ್ಧಕ್ಕೆ ಮುಚ್ಚಿಟ್ಟ ಪುಸ್ತಕ

ಕೈಗೊಂಡ ಕಾರ್ಯವನ್ನು ಅರ್ಧದಲ್ಲಿ ಬಿಡಬಾರದೆಂದು ನಮ್ಮ ಪ್ರಿಯ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಎಷ್ಟೋ ಸಾರಿ ಬುದ್ಧಿ ಹೇಳಿದ್ದುಂಟು. ಆ ಬುದ್ಧಿಯನ್ನು ನಾವೇ ಮೀರಿದ ಸಂಗತಿಯೊಂದನ್ನು ಈ ಸಂಚಿಕೆಯಲ್ಲಿ ಅರಿಕೆಮಾಡಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಶ್ರೀ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ ಎಂಬ ಕಾದಂಬರಿಯು 1967ರಲ್ಲಿ ಪ್ರಕಟವಾಯಿತು. ಸುಮಾರು 700 ಪುಟಗಳ ಗ್ರಂಥವದು. ಹತ್ತೊಂಬತ್ತನೆಯ ಶತಮಾನದ ಕೊನೆಗಾಲದ ತೀರ್ಥಹಳ್ಳಿ ಸೀಮೆಯ ಜೀವನವೇ ಅದರ ವಸ್ತು. ಕೆಲವು ವರುಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಾವು ಅದನ್ನು ಓದತೊಡಗಿದೆವು. ಕಥೆಯು ಒಬ್ಬನೇ ನಾಯಕನ ಬೆನ್ನು ಹಿಡಿದು ನಡೆಯುವುದಿಲ್ಲ. ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿಯೆಂದು ಮನೆಯಿಂದ ಮನೆಗೆ ದಾಟುತ್ತದೆ. ನಂಟಸ್ತಿಕೆಗಳೆಲ್ಲ ನಮ್ಮ ತಲೆಯಲ್ಲಿ ಕಲಸಿಹೋದವು. ಬಯಲುಸೀಮೆಯಲ್ಲಿ ಬೆಳೆದ ನಮಗೆ ಅಲ್ಲಿಯ ಆಡುಮಾತು ಪರಭಾಷೆಯಂತೆಯೇ ಇತ್ತು.

ಇಷ್ಟನ್ನೂ ತಾಳಿಕೊಂಡೆವು. ಆದರೆ ಪಾದ್ರಿ ಜೀವರತ್ನಯ್ಯನವರ ಪ್ರಸಂಗಗಳನ್ನು ತಾಳಲಾರದೆ ಹೋದೆವು. ಅವರ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ‘ಬೀಸೇಕಲ್ಲು’ ಆದಾಗ ನಕ್ಕೆವು. ಬೆಟ್ಟಳ್ಳಿಯ ದೇವಯ್ಯನನ್ನು ತಮ್ಮ ಮತಕ್ಕೆ ಒಲಿಸಿಕೊಳ್ಳಲು ಅವರು ಪಡುವ ಪಾಡನ್ನು ಓದಿದಾಗ ಮಾತ್ರ ನಗೆ ನಿಂತಿತು. ಮಿಶನ್ನಿನ ಅನ್ನವನ್ನುಂಡು ಮಿಶನ್ನಿನಲ್ಲಿಯೇ ವಿದ್ಯೆ ಕಲಿತವರು ನಾವು. ಗ್ರಂಥಕರ್ತರು ನಮ್ಮ ಹಿರಿಯರನ್ನೇ ಹಾಸ್ಯಮಾಡುತ್ತಿರುವಂತೆ ತೋರಿ ಮನಸ್ಸು ನೊಂದಿತು. ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿಟ್ಟೆವು.

ಶಾಲೆ ತೆರೆದ ಮೇಲೆ, ತೀರ್ಥಹಳ್ಳಿಯ ಕಡೆಯಿಂದ ಬಂದಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಕಂಡು, “ಇದನ್ನು ಓದಿ ಮುಗಿಸಿದಿರಾ, ಅಮ್ಮಾ?” ಎಂದು ಸಂತೋಷದಿಂದ ಕೇಳಿದಳು. “ಬಹಳ ದೊಡ್ಡ ಪುಸ್ತಕ, ಪುರಸೊತ್ತು ಸಾಲದು” ಎಂದೆವು. ಆ ಮಾತು ನಿಜವಾಗಿರಲಿಲ್ಲ. ಸುಳ್ಳಾಡಿದ ಮಕ್ಕಳನ್ನು ದಂಡಿಸುವ ನಾವು ಆ ರಾತ್ರಿ ಸುಖವಾಗಿ ನಿದ್ರಿಸಲಿಲ್ಲ. ಮರುದಿನ ಅವಳನ್ನು ಕರೆದು ಇದ್ದುದನ್ನು ಇದ್ದಂತೆಯೇ ಹೇಳಿದೆವು. ಅಂದಿನಿಂದ ಸಂಜೆಯ ಪ್ರಾರ್ಥನೆಯಾದ ಬಳಿಕ ಅರ್ಧ ತಾಸು ಅವಳೇ ಉಪಾಧ್ಯಾಯಿನಿ, ನಾವು ವಿದ್ಯಾರ್ಥಿನಿ. ತಿಳಿಯದ ಮಾತುಗಳ ಅರ್ಥವನ್ನು ಅವಳು ಚೀಟಿಯಲ್ಲಿ ಬರೆದುಕೊಡುವಳು.

ಎರಡನೆಯ ಸಾರಿ ಓದುವಾಗ, ಪಾದ್ರಿಯವರನ್ನು ಕಂಡ ಕಣ್ಣೇ ಗೌಡರ ದರ್ಪವನ್ನೂ ಊರಿನ ಮೂಢನಂಬಿಕೆಯನ್ನೂ ಕಂಡಿದೆಯೆಂಬುದು ತಿಳಿದುಬಂತು. ಸಿಂಬಾವಿಯ ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಆ ಗ್ರಂಥದಲ್ಲಿ ಒಡೆಯರಿಗಿಂತ ಕಡಿಮೆಯ ಸ್ಥಳವಿಲ್ಲ. ಕೊನೆಗೆ ಗುತ್ತಿಯೂ ತಿಮ್ಮಿಯೂ ತುಂಬಿದ ತುಂಗೆಯನ್ನು ದಾಟುವಾಗ ಹುಲಿಯನು ಪ್ರವಾಹದ ಪಾಲಾಗುವುದನ್ನು ಓದಿ ಕಣ್ಣೀರು ತಡೆಯಲಾಗಲಿಲ್ಲ. ಒಬ್ಬ ಪಾದ್ರಿಯ ಗೌರವಕ್ಕಾಗಿ ಮುನಿದುಕೊಂಡಿದ್ದ ನಾವು ಒಂದು ನಾಯಿಗಾಗಿ ಅತ್ತೆವು!

ಜೀವರತ್ನಯ್ಯನವರ ಚಿತ್ರವು ಇಂದಿಗೂ ನಮ್ಮನ್ನು ಚುಚ್ಚದೆ ಇಲ್ಲ. ಚುಚ್ಚುವುದು ಒಳ್ಳೆಯದೇ. ಯಾಕಂದರೆ ಬಳಿಗೆ ಬಂದ ಮನುಷ್ಯನನ್ನು ನೋಡುತ್ತಿದ್ದೇವೋ ಅವನಿಂದ ಹೆಚ್ಚುವ ಲೆಕ್ಕವನ್ನು ನೋಡುತ್ತಿದ್ದೇವೋ ಎಂಬ ಪ್ರಶ್ನೆಯು ಪಾದ್ರಿಗಳಿಗೆ ಮಾತ್ರವಲ್ಲ, ಪ್ರತಿವರ್ಷ ಪರೀಕ್ಷೆಯ ಫಲಿತಾಂಶವನ್ನು ಎಣಿಸುವ ನಮಗೂ ಸಲ್ಲತಕ್ಕದ್ದು.

ಆ ಪ್ರತಿಯು ಈಗ ಶಾಲೆಯ ಪುಸ್ತಕಭಂಡಾರದಲ್ಲಿದೆ. ಆ ಹುಡುಗಿಯ ಚೀಟಿಗಳನ್ನು ನಾವು ತೆಗೆದಿಲ್ಲ. ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಬಂದಾಗ ಕೇಳಿ ಓದಬಹುದು. ಅರ್ಧಕ್ಕೆ ಮುಚ್ಚಿಡುವುದಾದರೆ ಅದರ ನಿಜವಾದ ಕಾರಣವನ್ನು ನಮಗೆ ತಿಳಿಸಬೇಕಾಗಿ ಬೇಡುತ್ತೇವೆ.