ಹಾಸಿಗೆ ಇದ್ದಷ್ಟು ಚಕ್ರ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾರು ನಡೆಸುವುದೂ ಒಂದು ವಿದ್ಯೆಯೇ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಹೂವಿನವರು, ಹಣ್ಣಿನ ತಳ್ಳುಗಾಡಿ, ಅಡ್ಡ ಬರುವ ಸ್ಕೂಟರು, ಇವೆಲ್ಲದರ ನಡುವೆ ದಾರಿ ಹುಡುಕಿಕೊಂಡು ಸಾಗಬೇಕು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಆದರೆ ನೋಟಕ್ಕೆ ಬೆಲೆಯುಂಟು. ಅದಕ್ಕೇ ಇರಬೇಕು, ಹುಡುಗರು ಸಿಂಗರಿಸಿದ ಕಾರುಗಳು ಇಲ್ಲಿ ಮದುವಣಿಗನಂತೆ ಮೆಲ್ಲಗೆ ಬರುತ್ತವೆ. ಒಡಲು ನೆಲಕ್ಕೆ ಬಾಗಿರುತ್ತದೆ, ಮಿರುಗುವ ದೊಡ್ಡ ಚಕ್ರಗಳು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತಿರುತ್ತವೆ.

ಅಂಥದೊಂದು ಕಾರು ಬಜಾರಿನ ಬಟ್ಟೆ ವ್ಯಾಪಾರಿಯೊಬ್ಬರ ಮನೆಯದು. ಹಳೆಯ ಮಾರುತಿ ಸ್ವಿಫ್ಟ್. ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ಯಲು, ಭದ್ರಾವತಿಯಲ್ಲಿರುವ ಮಗಳ ಮನೆಗೆ ಹೋಗಿಬರಲು ಎಂದು ಅಪ್ಪ ಕೊಂಡದ್ದು. ಮಗ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ. ರಜೆಯಲ್ಲಿ ದುಡಿದ ಹಣವನ್ನೆಲ್ಲ ಸುರಿದು ಅವನು ಹದಿನಾರು ಅಂಗುಲದ ರಿಮ್ಮು, ಅಗಲವಾದ ಟೈರು ಹಾಕಿಸಿದ. ಅಷ್ಟಕ್ಕೇ ಸಮಾಧಾನವಾಗದೆ ನಾಲ್ಕೂ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ಕಾರನ್ನು ತಗ್ಗಿಸಿದ. ಒಬ್ಬನೇ ಕುಳಿತು ಓಡಿಸುವಾಗ ಎಲ್ಲವೂ ಸೊಗಸಾಗಿತ್ತು.

ಒಂದು ಭಾನುವಾರ ಅಪ್ಪ, ಅಮ್ಮ, ಅಜ್ಜಿ ಮೂವರೂ ಹತ್ತಿದರು. ಭದ್ರಾವತಿಗೆ ಹೋಗುವ ದಾರಿಯಲ್ಲಿ ಮೊದಲ ಹಂಪು ದಾಟಿದ ಕೂಡಲೇ ಹಿಂದಿನಿಂದ 'ಜುರ್' ಎಂಬ ಸದ್ದು. ಪ್ರತಿ ಗುಂಡಿಗೂ ಅದೇ ಸದ್ದು. ತಿರುವಿನಲ್ಲಿ ಮುಂದಿನ ಚಕ್ರವೂ ದನಿಗೂಡಿಸಿತು. ಭದ್ರಾವತಿ ತಲುಪುವ ಹೊತ್ತಿಗೆ ರಬ್ಬರು ಸುಟ್ಟ ವಾಸನೆ. ಇಳಿದು ನೋಡಿದರೆ ಹಿಂದಿನ ಟೈರಿನ ಭುಜ ಸುತ್ತಲೂ ಸವೆದು, ಒಂದು ಕಡೆ ಒಳಗಿನ ನೂಲು ಕಾಣುತ್ತಿತ್ತು. ಟೈರಿನ ತಳದಲ್ಲಿ ದಪ್ಪ ರಬ್ಬರಿದೆ. ಭುಜ ಮತ್ತು ಪಕ್ಕೆಯಲ್ಲಿ ಅಷ್ಟಿಲ್ಲ. ಗಾಳಿಯ ಒತ್ತಡವನ್ನು ತಡೆದು ನಿಂತಿರುವುದು ಆ ನೂಲೇ. ಇನ್ನಷ್ಟು ದೂರ ಹೋಗಿದ್ದರೆ, ನಾಲ್ಕು ಜೀವ ಹೊತ್ತ ಗಾಡಿಯ ಟೈರು ರಸ್ತೆಯ ನಡುವೆ ಒಡೆಯಬಹುದಿತ್ತು.

"ನಾಳೆನೇ ಇದನ್ನ ಮಾರಿ ಹಾಕ್ತೀನಿ. ಓದು ಅಂತ ಕಳಿಸಿದ್ರೆ ಕಬ್ಬಿಣ ಕೊಯ್ಕೊಂಡು ಕೂತಿದಾನೆ" ಎಂದರು ಅಪ್ಪ. ಮಗ ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ ಮಗಳ ಕೈ ಹಿಡಿದು ಕಷ್ಟಪಟ್ಟು ಮೇಲೇಳುತ್ತಾ, "ಗಾಡಿ ಚೆನ್ನಾಗಿದೆ ಕಣೋ ಮರಿ. ಆದ್ರೆ ಇಷ್ಟು ಕೆಳಗಿಂದ ಏಳಕ್ಕೆ ನನ್ನ ಮಂಡಿ ಬರಲ್ಲ" ಎಂದರು. ಅಪ್ಪನ ಬೈಗುಳಕ್ಕಿಂತ ಈ ಮಾತು ಹುಡುಗನಿಗೆ ಹೆಚ್ಚು ತಾಗಿತು. ಮನೆಯಲ್ಲಿ ಒಂದು ವಾರ ಅಪ್ಪ ಮಗನ ನಡುವೆ ಮಾತಿರಲಿಲ್ಲ.

ಕಾರು ಕೊನೆಗೆ ಬಂದದ್ದು ಭದ್ರಾವತಿಯ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರದು. ಅಲ್ಲಿ ಕುಲುಮೆ, ಎರಕ, ಹದ ಎಂಬ ಮಾತುಗಳು ಮನೆಮಾತು. ಮೇಸ್ತ್ರಿ ಬೈಯಲಿಲ್ಲ. ಹುಡುಗನ ಕೈಗೆ ಒಂದು ಸೀಮೆಸುಣ್ಣ ಕೊಟ್ಟು, "ಎಲ್ಲಿ ಉಜ್ಜುತ್ತೆ ಅಂತ ಮೊದ್ಲು ನೀನೇ ಹುಡುಕಪ್ಪ" ಎಂದರು. ಹುಡುಗ ಚಕ್ರದ ಮೇಲಿನ ಕಮಾನಿನ ಅಂಚಿಗೂ ಒಳಗಿನ ಪ್ಲಾಸ್ಟಿಕ್ ಹೊದಿಕೆಗೂ ದಟ್ಟವಾಗಿ ಸುಣ್ಣ ಬಳಿದ. ಹಿಂದಿನ ಸೀಟಿನಲ್ಲಿ ಮೂವರು ಗೆಳೆಯರನ್ನು ಕೂರಿಸಿ ಒಂದು ಹಂಪು ದಾಟಿದ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದ. ಸುಣ್ಣ ಅಳಿಸಿದ್ದ ಜಾಗಗಳು ತಾವೇ ಉತ್ತರ ಹೇಳಿದವು. ಹಿಂದೆ ಕಮಾನಿನ ತಗಡಿನ ಅಂಚು, ಮುಂದೆ ಒಳಗಿನ ಹೊದಿಕೆ. ಕಾಯಿಲೆ ಒಂದೇ ಎನಿಸಿದರೂ ನೋವಿನ ಜಾಗ ಎರಡು.

ಕಾರಣಕ್ಕೆ ಲೆಕ್ಕ ಬೇಕು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಲು ಬಂದರೆ ಅರ್ಧ ಲೆಕ್ಕ ಮುಗಿದಂತೆ. ಈ ಕಾರಿಗೆ ಮೊದಲಿದ್ದ ಟೈರು 165/80 ಆರ್ 14. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 165ರ ಶೇ 80 ಎಂದರೆ 132 ಮಿ.ಮೀ. ಮೇಲೊಂದು ಕೆಳಗೊಂದು ಪಕ್ಕೆ ಸೇರಿ 264. ಹದಿನಾಲ್ಕು ಅಂಗುಲ ಎಂದರೆ 355.6. ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಹೊಸ ಟೈರು 205/55 ಆರ್ 16. ಅದೇ ಲೆಕ್ಕದಲ್ಲಿ ಅದರ ವ್ಯಾಸ 632. ಅಂದರೆ ತ್ರಿಜ್ಯದಲ್ಲಿ ಹೆಚ್ಚಿದ್ದು ಬರೀ 6 ಮಿ.ಮೀ. "ಇಷ್ಟೇನಾ?" ಎಂದು ಹುಡುಗನಿಗೆ ಅಚ್ಚರಿ.

ಆದರೆ ಅಗಲ 40 ಮಿ.ಮೀ. ಹೆಚ್ಚಿತ್ತು. ಒಳಗೆ 20, ಹೊರಗೆ 20. ಜೊತೆಗೆ ರಿಮ್ಮಿಗೆ ಆಫ್‌ಸೆಟ್ ಎಂಬ ಇನ್ನೊಂದು ಅಳತೆಯುಂಟು. ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಅಂಟಿಕೊಳ್ಳುವ ಮುಖದವರೆಗಿನ ದೂರ ಅದು. ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಸರಿಯುತ್ತದೆ. ಹುಡುಗ ಕೊಂಡ ರಿಮ್ಮಿನಲ್ಲಿ ಅದು 10 ಮಿ.ಮೀ. ಕಡಿಮೆಯಿತ್ತು. ಕೂಡಿದರೆ ಟೈರಿನ ಹೊರ ಅಂಚು 30 ಮಿ.ಮೀ. ಹೊರಗೆ ಬಂದಿತ್ತು. ಮೊದಲು ಕಮಾನಿನ ಒಳಗೆ ತೂರಿಕೊಳ್ಳುತ್ತಿದ್ದ ಟೈರು ಈಗ ನೇರ ತಗಡಿನ ಅಂಚಿನ ಕೆಳಗೇ ನಿಂತಿತ್ತು. ಮುಂದಿನ ಚಕ್ರದ್ದೂ ಇದೇ ಕತೆ. ನೆಟ್ಟಗೆ ಹೋಗುವಾಗ ಸದ್ದಿಲ್ಲ, ಪೂರ್ತಿ ತಿರುಗಿಸಿದಾಗ ಹೊರಚಾಚಿದ ಅಂಚು ದೊಡ್ಡ ವೃತ್ತವನ್ನೇ ಬೀಸಿ ಹೊದಿಕೆಗೆ ತಾಗುತ್ತಿತ್ತು.

ಇನ್ನು ಸ್ಪ್ರಿಂಗು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ಹುಡುಗ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದ. ಆದರೆ ಅದು ತನ್ನ ಕಾರಿನ ಕೆಳಗೇ ಕುಳಿತಿದೆ ಎಂದು ಹೊಳೆದಿರಲಿಲ್ಲ. ಸ್ಪ್ರಿಂಗನ್ನು ಕತ್ತರಿಸಿದರೆ ಅದು ಮೆತ್ತಗಾಗುವುದಿಲ್ಲ, ಬಿಗಿಯಾಗುತ್ತದೆ. ಆರು ಸುತ್ತಿನಲ್ಲಿ ಒಂದು ಹೋದರೆ ಬಿಗಿತ 1.2 ಪಟ್ಟು. ಹುಡುಗ ಪಕ್ಕದ ಮನೆಯ ಅಂಥದೇ ಕಾರನ್ನು ಅಳೆದ. ಟೈರಿಗೂ ಕಮಾನಿಗೂ ನಡುವೆ 80 ಮಿ.ಮೀ. ಇತ್ತು, ಮೂವರು ಕುಳಿತರೆ 40 ಮಿ.ಮೀ. ಕುಗ್ಗಿ ಇನ್ನೂ 40 ಉಳಿಯುತ್ತಿತ್ತು. ಹಂಪಿಗೆ ಅಷ್ಟು ಜಾಗ ಸಾಕು. ತನ್ನ ಕಾರಿನಲ್ಲಿ ತಗ್ಗಿಸಿದ್ದು 40, ಟೈರು ತಿಂದದ್ದು 6. ಉಳಿದದ್ದು 34. ಬಿಗಿಯಾದ ಸ್ಪ್ರಿಂಗು ಅದೇ ಭಾರಕ್ಕೆ ಕುಗ್ಗುವುದು 33. ಕೊನೆಗೆ ಉಳಿದ ಜಾಗ ಒಂದೇ ಒಂದು ಮಿಲಿಮೀಟರು! ಹಂಪು ಬೇಡ, ಒಂದು ಕಲ್ಲು ಸಿಕ್ಕರೂ ಸಾಕು.

"ಇನ್ನೊಂದು ವಿಷಯ ಕೇಳು" ಎಂದರು ಮೇಸ್ತ್ರಿ. "ಸ್ಪ್ರಿಂಗಿನ ಉಕ್ಕಿಗೆ ಕಾಯಿಸಿ, ತಣಿಸಿ ಹದ ಕೊಟ್ಟಿರ್ತಾರೆ. ಗ್ಯಾಸ್ ಬೆಂಕಿ ಇಟ್ರೆ ಅಲ್ಲಿ ಹದ ಹೋಯ್ತು. ಕತ್ತರಿಸಿದ ತುದಿ ಬಟ್ಟಲಲ್ಲಿ ಸರಿಯಾಗಿ ಕೂರೋದೂ ಇಲ್ಲ. ಯಾವತ್ತಾದ್ರೂ ಗುಂಡೀಲಿ ಹಾರಿದಾಗ ಜಾರ್ಕೊಳ್ಳುತ್ತೆ."

ಉಜ್ಜುವುದನ್ನು ನಿಲ್ಲಿಸಲು ದಾರಿಗಳು ಹಲವು. ಕಮಾನಿನ ತಗಡಿನ ಅಂಚನ್ನು ಬಿಸಿಗಾಳಿಯಿಂದ ಕಾಯಿಸಿ, ರೋಲರಿನಿಂದ ಒಳಕ್ಕೆ ಮಡಿಸಬಹುದು. ಆದರೆ ಬಣ್ಣ ಬಿರುಕು ಬಿಟ್ಟರೆ ಮಲೆನಾಡಿನ ಮಳೆಗೆ ತುಕ್ಕು ಹಿಡಿಯಲು ತಡವಾಗದು. ಸ್ಟೀರಿಂಗ್ ತಿರುಗುವುದಕ್ಕೆ ತಡೆ ಹಾಕಬಹುದು. ಆಗ ಗಾಂಧಿ ಬಜಾರಿನಂಥ ಕಡೆ ಕಾರು ತಿರುಗಿಸುವುದೇ ಕಷ್ಟ. ಸರಿಯಾದ ಆಫ್‌ಸೆಟ್ಟಿನ ರಿಮ್ಮು, ಕಿರಿದಾದ ಟೈರು ಹಾಕಬಹುದು. ಮೊದಲ ಎರಡು ನೋವು ಮರೆಸುವ ಮಾತ್ರೆಗಳು. ಕಾಯಿಲೆಗೆ ಮದ್ದು ಎಂದರೆ ಮೊದಲು ಸ್ಪ್ರಿಂಗನ್ನು ಮೂಲ ಎತ್ತರಕ್ಕೆ ತರುವುದು, ಆಮೇಲೆ ಚಕ್ರದ ಅಳತೆ ಸರಿಪಡಿಸುವುದು, ಕೊನೆಗೆ ಅಲೈನ್‌ಮೆಂಟ್ ಮಾಡಿಸುವುದು.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲೂ ಇದು ಒಂದಾಗಬಹುದು.

ಹುಡುಗ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಚಿತ್ರ ಹಾಕಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದ. ಕೊನೆಯ ಸಾಲಿನಲ್ಲಿ ಒಂದು ಅಳತೆ ಇತ್ತು: 185/65 ಆರ್ 15. ಸ್ವಿಫ್ಟಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯವರೇ ಹಾಕಿದ ಅಳತೆ ಅದು. ರಿಮ್ಮು ಒಂದಂಗುಲ ದೊಡ್ಡದು, ಪಕ್ಕೆ ಅಷ್ಟೇ ಕಿರಿದು. ಒಟ್ಟು ವ್ಯಾಸ 621.5. ಮೂಲಕ್ಕೂ ಇದಕ್ಕೂ ಇರುವ ಅಂತರ 2 ಮಿಲಿಮೀಟರಿಗೂ ಕಡಿಮೆ. ಚಂದವೂ ಉಂಟು, ಜಾಗವೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಚಕ್ರಕ್ಕೂ ಸಲ್ಲುತ್ತದೆ.

ಬಟ್ಟೆ ಅಳೆದೇ ಬದುಕಿದ ಅಪ್ಪ ಆ ಹಾಳೆಯನ್ನು ಎರಡು ಸಲ ಓದಿದರು. ಟೈರಿನ ವಿಚಾರ ಅವರಿಗೆ ತಿಳಿಯದು. ಆದರೆ ಅಳತೆ ತಪ್ಪಿದರೆ ಏನಾಗುತ್ತದೆಂದು ತಿಳಿಯದ ಬಟ್ಟೆ ವ್ಯಾಪಾರಿ ಉಂಟೇ? ಸಂಜೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಪ್ರಿಂಗಿಗೆ ಎಷ್ಟಾಗುತ್ತೋ?" ಹೊಸ ಸ್ಪ್ರಿಂಗಿನ ಹಣ ಅಪ್ಪನದು. ದೊಡ್ಡ ಚಕ್ರಗಳನ್ನು ಅರ್ಧ ಬೆಲೆಗೆ ಮಾರಿ, ಮೇಲಿನದನ್ನು ಮುಂದಿನ ರಜೆಯ ದುಡಿಮೆಯಿಂದ ತುಂಬುವ ಹೊಣೆ ಮಗನದು. ಕಾರು ಮಾರುವ ಮಾತು ಮತ್ತೆ ಬರಲಿಲ್ಲ.

ಮಕ್ಕಳ ಹುಚ್ಚನ್ನು ಕಂಡಾಗ ಹೆತ್ತವರಿಗೆ ಸಿಟ್ಟು ಬರುವುದು ಸಹಜ. ಅದರ ಹಿಂದಿರುವುದು ಭಯ. ಆ ಭಯ ಸುಳ್ಳೂ ಅಲ್ಲ. ಆದರೆ ಗಾಳಿ ತುಂಬಿದ ಟೈರು ಬಳಕೆಗೆ ಬಂದ ಕತೆ ನೆನೆಯತಕ್ಕದ್ದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರೂ ಲೋಕ ಅದನ್ನು ಮರೆತಿತ್ತು. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಹೊಸದಾಗಿ ಕಂಡುಕೊಂಡು 1888ರಲ್ಲಿ ಪೇಟೆಂಟ್ ಪಡೆದ. ಅವನಿಗೆ ಆ ಯೋಚನೆ ಬಂದದ್ದು ತನ್ನ ಪುಟ್ಟ ಮಗ ಮೂರು ಚಕ್ರದ ಸೈಕಲ್ಲಿನಲ್ಲಿ ಕುಲುಕಾಡುವುದನ್ನು ನೋಡಿ. ಆ ಅಪ್ಪ ಸೈಕಲ್ಲನ್ನು ಕಸಿದುಕೊಳ್ಳಲಿಲ್ಲ. ಬಗ್ಗಿ, ಅದರ ಚಕ್ರವನ್ನು ನೋಡಿದ.