ಸ್ತಬ್ಧವಾದ ತೆರೆಯ ಮುಂದೆ

ಗಣಕಯಂತ್ರವು ತಪ್ಪು ಮಾಡಿದರೆ ಸಹಿಸಬಹುದು. ಮೌನ ತಾಳಿದರೆ ಸಹಿಸುವುದು ಕಷ್ಟ. ಹೊಸದಾಗಿ ಬರೆದ ಪ್ರೋಗ್ರಾಮನ್ನು ಪರೀಕ್ಷಿಸುವವರಿಗೆಲ್ಲ ಇದರ ಅನುಭವವುಂಟು. ದೋಷ ಕಂಡರೆ ಯಂತ್ರವು ಕೆಂಪಕ್ಷರಗಳಲ್ಲಿ ಗದರಿ, ಇಂಥ ಸಾಲಿನಲ್ಲಿ ಇಂಥ ತಪ್ಪೆಂದು ಹೇಳಿಬಿಡುತ್ತದೆ. ಗದರಿಕೆಯೂ ಒಂದು ಬಗೆಯ ಮಾತುಕತೆಯೇ ತಾನೆ! ಆದರೆ ಕೆಲವೊಮ್ಮೆ ಪ್ರೋಗ್ರಾಂ ತಪ್ಪನ್ನೂ ಹೇಳದು, ಉತ್ತರವನ್ನೂ ಕೊಡದು. ಯಾವ ಗುಂಡಿ ಒತ್ತಿದರೂ ಓಗೊಡದು. ತೆರೆಯ ಮೇಲೆ ಪುಟ್ಟ ಚಕ್ರವೊಂದು ಸುತ್ತುತ್ತಲೇ ಇರುತ್ತದೆ.

ಈ ಸ್ತಬ್ಧತೆಗೆ ಸಾಮಾನ್ಯವಾಗಿ ಮೂರು ಕಾರಣಗಳು. ಮೊದಲನೆಯದು ಗಾಣದೆತ್ತಿನ ಪಾಡು: ಹೊರಬರುವ ದಾರಿಯಿಲ್ಲದೆ ಅವೇ ಕೆಲವು ಸಾಲುಗಳನ್ನು ಪ್ರೋಗ್ರಾಂ ಸುತ್ತುತ್ತಿರುತ್ತದೆ. ಎರಡನೆಯದು ಒರಳು ಒನಕೆಯ ಹಟ: ಒಬ್ಬಳ ಬಳಿ ಒರಳು, ಇನ್ನೊಬ್ಬಳ ಬಳಿ ಒನಕೆ, ತನ್ನದನ್ನು ಬಿಡದೆ ಎದುರಿನವಳದಕ್ಕಾಗಿ ಇಬ್ಬರೂ ಕಾಯುತ್ತಾರೆ, ಭತ್ತ ಹಾಗೆಯೇ ಉಳಿಯುತ್ತದೆ. ಮೂರನೆಯದು ವಿನೋದದ್ದು: ತೆರೆಯ ಮೂಲೆಯಲ್ಲೆಲ್ಲೋ ಪ್ರೋಗ್ರಾಂ ಏನನ್ನೋ ಕೇಳಿ, ಉತ್ತರಕ್ಕಾಗಿ ವಿನಯದಿಂದ ನಿಂತಿರುತ್ತದೆ, ಅದನ್ನು ಗಮನಿಸದ ಒಡೆಯನೂ ಅದರ ಉತ್ತರಕ್ಕಾಗಿ ಕಾದು ಕುಳಿತಿರುತ್ತಾನೆ.

ಇವು ಯಾವುವೂ ಅಲ್ಲದೆ, ಕೆಲಸವೇ ದೊಡ್ಡದಾಗಿ ಹೊತ್ತು ಹಿಡಿಯುತ್ತಿರಲೂಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಗೆ. ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಅದು ಎಂದಾದರೂ ಮುಗಿದೀತೇ ಇಲ್ಲವೇ ಎಂದು ತಪ್ಪದೆ ಹೇಳಬಲ್ಲ ಸಾರ್ವತ್ರಿಕ ವಿಧಾನವು ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲಿಯೇ ತೋರಿಸಿಕೊಟ್ಟನು. ಆದ್ದರಿಂದ ಎಷ್ಟು ಹೊತ್ತು ಕಾಯಬೇಕೆಂಬ ನಿರ್ಣಯ ಮನುಷ್ಯನ ಪಾಲಿಗೇ ಉಳಿಯಿತು.

ಕಾದು ಬೇಸತ್ತವನ ಕೈ ಕೆಂಪು ಚೌಕದ ಗುಂಡಿಯತ್ತ ಹೋಗುವುದು ಸಹಜ. ಅದನ್ನು ಒತ್ತಿದರೆ ಪ್ರೋಗ್ರಾಂ ಅಲ್ಲಿಗೆ ಮುಗಿಯಿತು. ಆದರೆ ಸಾಕ್ಷ್ಯವೂ ಅದರೊಡನೆ ಅಳಿಯಿತು. ಪರೀಕ್ಷಿಸಲು ಬಳಸುವ ಡಿಬಗ್ಗರ್‌ನಲ್ಲಿ ಎರಡು ನೆಟ್ಟಗಿನ ಗೆರೆಗಳ ಇನ್ನೊಂದು ಗುಂಡಿಯಿರುತ್ತದೆ. ಅದು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ. ಆಗ ಪ್ರೋಗ್ರಾಂ ಯಾವ ಸಾಲಿನಲ್ಲಿದೆ, ಅಲ್ಲಿಗೆ ಎಲ್ಲಿಂದ ಬಂತು, ಅದರ ಕೈಯಲ್ಲಿರುವ ಸಂಖ್ಯೆಗಳೇನು ಎಂಬುದೆಲ್ಲ ಕಾಣುತ್ತದೆ. ಮೂರು ನಾಲ್ಕು ಸಲ ತಡೆದು ನೋಡಿದಾಗ ಸಂಖ್ಯೆಗಳು ಮುಂದುವರಿಯುತ್ತಿದ್ದರೆ ಕಾಯಬಹುದು. ಅದೇ ಸಾಲು, ಅದೇ ಸಂಖ್ಯೆಯಾದರೆ ಗಾಣ ಸಿಕ್ಕಿತೆಂದೇ ಅರ್ಥ.

ಇಂಥದೊಂದು ಗಾಣ 2008ರ ಡಿಸೆಂಬರ್ 31ರಂದು ಲೋಕಪ್ರಸಿದ್ಧವಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ‘ಝೂನ್’ ಎಂಬ ಅಂಗೈಯಗಲದ ಸಂಗೀತಯಂತ್ರಗಳ ಪೈಕಿ 30 ಗಿಗಾಬೈಟಿನ ಮಾದರಿಯವು ಅಂದು ಒಮ್ಮೆಗೇ ಸ್ತಬ್ಧವಾದವು. ಅವುಗಳ ಗಡಿಯಾರದ ಪ್ರೋಗ್ರಾಂ 1980ರಿಂದ ಕಳೆದ ದಿನಗಳನ್ನೆಣಿಸಿ, ವರ್ಷಕ್ಕೆ ವರ್ಷ ಕಳೆಯುತ್ತ ಇಸವಿಯನ್ನು ಕಂಡುಹಿಡಿಯುತ್ತಿತ್ತು. ಉಳಿದ ದಿನಗಳು 365ಕ್ಕಿಂತ ಹೆಚ್ಚಿದ್ದರೆ ಮತ್ತೆ ಸುತ್ತಬೇಕು. ಅಧಿಕ ವರ್ಷವಾದರೆ 366ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಳೆಯಬೇಕು. ಸರಿಯಾಗಿ 366 ಇದ್ದರೆ? ಕಳೆಯುವಂತೆಯೂ ಇಲ್ಲ, ಹೊರಡುವಂತೆಯೂ ಇಲ್ಲ! 2006ರಲ್ಲಿ ಮಾರುಕಟ್ಟೆಗೆ ಬಂದ ಆ ಯಂತ್ರಕ್ಕೆ 2008 ಮೊದಲನೆಯ ಅಧಿಕ ವರ್ಷ. ಆ ದಿನವೇ ಅದರ 366ನೆಯ ದಿನ. ಬ್ಯಾಟರಿ ಪೂರ್ತಿ ಬರಿದಾಗಲು ಬಿಟ್ಟು, ಮರುದಿನ ಗ್ರೀನಿಚ್ ಮಧ್ಯಾಹ್ನದ ಬಳಿಕ ಚಾಲನೆ ಮಾಡುವುದೇ ಒಡೆಯರಿಗೆ ಸಿಕ್ಕ ಪರಿಹಾರ. ಪರೀಕ್ಷೆಯ ಕಾಲದಲ್ಲಿ ಆ ತಾರೀಖನ್ನು ಕೊಟ್ಟು, ಯಂತ್ರವನ್ನು ನಡುವೆ ತಡೆದು ನೋಡಿದ್ದರೆ ಕದಲದ 366 ಕಣ್ಣಿಗೆ ಬೀಳುತ್ತಿತ್ತು.

ಅದಕ್ಕೇ ಬಲ್ಲವರು ಪ್ರತಿಯೊಂದು ಪರೀಕ್ಷೆಗೂ ಇಷ್ಟು ಕ್ಷಣವೆಂದು ಗಡುವು ಕಟ್ಟಿರುತ್ತಾರೆ. ಗಡುವು ಮೀರಿದರೆ, ಪ್ರೋಗ್ರಾಂ ನಿಂತ ಜಾಗವನ್ನು ಬರೆದಿಟ್ಟುಕೊಂಡೇ ಅದನ್ನು ನಿಲ್ಲಿಸುತ್ತಾರೆ.

ಮನೆಯ ಮಗನೋ ಮಗಳೋ ಊಟಕ್ಕೆ ಕರೆದರೂ ಏಳದೆ ತೆರೆಯನ್ನೇ ದಿಟ್ಟಿಸುತ್ತಿದ್ದರೆ, ಸ್ತಬ್ಧವಾಗಿರುವುದು ಯಂತ್ರವೊಂದೇ ಅಲ್ಲವೆಂದು ತಿಳಿಯಬೇಕು. ಅಲ್ಲಿಯೂ ಕೆಂಪು ಗುಂಡಿ ಬೇಡ. “ಎಲ್ಲಿಗೆ ಬಂತಪ್ಪಾ ಕೆಲಸ?” ಎಂದು ಕೇಳಿ, ಸಾರನ್ನು ಇನ್ನೊಮ್ಮೆ ಬಿಸಿ ಮಾಡುವುದು ಲೇಸು.